ಸವೆದದ್ದು ಬೇರೆ, ಕೆಟ್ಟದ್ದು ಬೇರೆ

ಒಂದು ಪೇಟೆಯಲ್ಲಿ ಹಣವಂತನೊಬ್ಬ ಇದ್ದ ಎಂದು ನಾನು ಶುರು ಮಾಡಿದರೆ, ನೀವು ಆಗಲೇ ಅವನನ್ನು ಜಿಪುಣ ಎಂದುಕೊಂಡಿರುತ್ತೀರಿ. ದೃಷ್ಟಾಂತಗಳಲ್ಲಿ ಬರುವ ಶ್ರೀಮಂತರೆಲ್ಲರ ಗತಿ ಅದೇ. ನೋಡಿ, ಇನ್ನೂ ಅವನ ಮುಖ ತೋರಿಸಿಲ್ಲ, ತೀರ್ಪು ಆಗಿಹೋಯಿತು. ಇವತ್ತಿನ ವಿಷಯವೇ ಅದು.

ಈ ಮನುಷ್ಯ ಜಿಪುಣನಲ್ಲ, ಕೆಟ್ಟವನೂ ಅಲ್ಲ. ಬಟ್ಟೆಯ ಅಂಗಡಿ ಇತ್ತು, ಹತ್ತಿಯ ಮಿಲ್ಲು ಇತ್ತು. ಊರಿನ ಹೆರಿಗೆ ಆಸ್ಪತ್ರೆಯನ್ನು ನಡೆಸುವ ದತ್ತಿಗೆ ಅವನೇ ಅಧ್ಯಕ್ಷ. ಹೆಸರಿಲ್ಲದ ಕಥೆ ಮನಸ್ಸಿನಲ್ಲಿ ನಿಲ್ಲುವುದಿಲ್ಲ ಎನ್ನುವವರಿಗಾಗಿ ಅವನನ್ನು ಮಹಾರುದ್ರಪ್ಪ ಎಂದು ಕರೆಯೋಣ.

ಮಹಾರುದ್ರಪ್ಪನಿಗೆ ಒಂದು ಹುಚ್ಚಿತ್ತು. ನಾಣ್ಯಗಳ ಹುಚ್ಚು. ಹಳೆಯ ಅರಸರ ಹೊನ್ನು, ವರಹಗಳಲ್ಲ. ನಮ್ಮ ನಿಮ್ಮ ಜೇಬಿನಲ್ಲಿ, ಅಜ್ಜಿಯರ ಎಲೆಅಡಿಕೆ ಚೀಲದಲ್ಲಿ ಓಡಾಡಿದ ಈಚಿನ ನಾಣ್ಯಗಳು. ಸಂಗ್ರಹ ಮಾಡುವವರು ಬಹಳ ಮಂದಿ ಇದ್ದಾರೆ. ಆದರೆ ದರ್ಜೆ ಹೇಳುವವರು ಕಡಿಮೆ. ಒಂದು ನಾಣ್ಯ ಎಷ್ಟು ಸವೆದಿದೆ, ಎಷ್ಟು ಉಳಿದಿದೆ ಎಂದು ನೋಡಿ ಅದಕ್ಕೊಂದು ದರ್ಜೆ ಕೊಡುವುದಿದೆಯಲ್ಲ, ಅದರಲ್ಲಿ ಈ ಮನುಷ್ಯ ಪಳಗಿದ್ದ. ಪ್ರತಿ ಭಾನುವಾರ ಪಡಸಾಲೆಯ ಕಿಟಕಿಯ ಬಳಿ ಮೇಜು ಹಾಕಿಕೊಂಡು ಕೂರುವನು. ಮೇಜಿನ ಮೇಲೆ ಒಂದು ಭೂತಗನ್ನಡಿ, ಒಂದು ದೀಪ, ಒಂದು ಪುಟ್ಟ ತಕ್ಕಡಿ. ಎರಡು ಬಗೆಯ ಚೀಟಿಗಳು: ಬಿಳಿ ಮತ್ತು ಕೆಂಪು. ಸುತ್ತಲಿನ ಊರುಗಳಿಂದ ಜನ ನಾಣ್ಯ ತಂದು ಸಾಲಾಗಿ ಕೂರುವರು. ಅವನು ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಬರೆದ ಚೀಟಿಯನ್ನು ಮೂವತ್ತು ವರ್ಷದಲ್ಲಿ ಒಮ್ಮೆಯೂ ತಿದ್ದಿರಲಿಲ್ಲ. ಅದು ಅವನ ಹೆಮ್ಮೆ.

ಬಿಳಿ ಚೀಟಿ ಯಾವುದಕ್ಕೆ, ಕೆಂಪು ಯಾವುದಕ್ಕೆ? ಸ್ವಲ್ಪ ಗಮನ ಕೊಡಿ, ಕಥೆಯೆಲ್ಲ ಇದರ ಮೇಲೆ ನಿಂತಿದೆ.

ನಾಣ್ಯ ಕೈಯಿಂದ ಕೈಗೆ ಓಡಾಡಿದಾಗ ಸವೆಯುತ್ತದೆ. ಉಬ್ಬಿದ ಭಾಗ ಮೊದಲು ಸವೆಯುತ್ತದೆ. ಎತ್ತರದಲ್ಲಿ ಇರುವುದಕ್ಕೆ ಉಜ್ಜುವಿಕೆ ಮೊದಲು ತಾಗುತ್ತದೆ, ಸರಳ ಭೌತಶಾಸ್ತ್ರ. ರೂಪಾಯಿಯ ಮೇಲಿನ ಸಿಂಹಗಳ ಮೂತಿ ಮೊದಲು ಹೋಗುತ್ತದೆ, ಆಮೇಲೆ ಎದೆಯ ಕೇಸರ, ಆಮೇಲೆ ಹಿಂಬದಿಯ ತೆನೆಯ ಕಾಳುಗಳು. ಕೊನೆಗೆ ಇಸವಿ. ಇದು ಸವೆತ. ಎಷ್ಟೇ ಸವೆದಿದ್ದರೂ ಇದಕ್ಕೆ ಬಿಳಿ ಚೀಟಿ, ಅದರಲ್ಲಿ ಒಂದು ದರ್ಜೆ. ಆದರೆ ಯಾರೋ ನಾಣ್ಯಕ್ಕೆ ತೂತು ಹೊಡೆದಿದ್ದರೆ, ಬಗ್ಗಿಸಿದ್ದರೆ, ಹೊಸದರಂತೆ ಕಾಣಲಿ ಎಂದು ಉಜ್ಜಿ ಹೊಳಪು ಕೊಟ್ಟಿದ್ದರೆ, ಅದು ಸವೆದದ್ದಲ್ಲ, ಕೆಟ್ಟದ್ದು. ಅದಕ್ಕೆ ಕೆಂಪು ಚೀಟಿ. ದರ್ಜೆಯೇ ಇಲ್ಲ. ಅದರಲ್ಲೂ ಉಜ್ಜಿ ಹೊಳಪು ಮಾಡಿದ ನಾಣ್ಯ ಕಂಡರೆ ಈ ಜನಕ್ಕೆ ಮೈಯೆಲ್ಲ ಉರಿಯುತ್ತದೆ. ಅವರ ಲೆಕ್ಕದಲ್ಲಿ ಹೊಳೆಯುವ ಹಳೆಯ ನಾಣ್ಯ ಎಂದರೆ ಮೋಸ.

ಇನ್ನೊಂದು ಮಾತು. ನಮ್ಮ ಕಾಲದ ನಾಣ್ಯಗಳು ಪೂರ್ತಿ ಸವೆಯುವುದು ಬಹಳ ಅಪರೂಪ. ಸವೆಯುವಷ್ಟು ದಿನ ನಾವು ಅವನ್ನು ಓಡಾಡಲು ಬಿಡುವುದಿಲ್ಲ. ಡಬ್ಬಿಯಲ್ಲಿ ಬೀಳುತ್ತವೆ, ಕಾರಿನ ಖಾನೆಯಲ್ಲಿ ಬೀಳುತ್ತವೆ, ಹುಂಡಿಯಲ್ಲಿ ಬೀಳುತ್ತವೆ. ಆದ್ದರಿಂದ ಸಿಂಹದ ಗುರುತೇ ಇಲ್ಲದಷ್ಟು ಸವೆದ ಈಚಿನ ನಾಣ್ಯ ಸಿಕ್ಕರೆ ಬಲ್ಲವರು ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಇಷ್ಟು ಸವೆಸಿದ್ದು ಏನು?

ಒಂದು ಶನಿವಾರ ಆಸ್ಪತ್ರೆಯ ವ್ಯವಸ್ಥಾಪಕ ಒಂದು ಕಡತ ಹಿಡಿದುಕೊಂಡು ಮಹಾರುದ್ರಪ್ಪನ ಅಂಗಡಿಗೆ ಬಂದ. ಅಂಗಡಿಯಲ್ಲಿ ಮದುವೆಯ ಗಿರಾಕಿಗಳು ತುಂಬಿದ್ದರು.

"ಏನದು, ಲಗೂ ಹೇಳ್ರಿ."

"ಹೆರಿಗಿ ವಾರ್ಡಿನ ಆಯಾ ಒಬ್ಬಾಕಿ, ಸಾವಂತ್ರವ್ವ ಅಂತ. ವಯಸ್ಸಾಗೇತಿ. ಕೈ ನಡಗ್ತಾವ. ಎರಡು ಸಲ ಸಾಮಾನಿನ ಟ್ರೇ ಕೆಡವ್ಯಾಳ. ಕೆಲಸಕ್ಕ ಬರೂದಿಲ್ರಿ ಇನ್ನ."

"ಈ ತಿಂಗಳ ಕಡೀಗೆ ತಗೀರಿ ಹಂಗಾದ್ರ."

"ಹಿಂದಿನ ಕೋಣ್ಯಾಗ ಇರ್ತಾಳ. ಅದನ್ನೂ ಬಿಡಸಬೇಕಾಗ್ತದ."

"ಬಿಡಸ್ರಿ. ಎಲ್ಲಿ ಸಹಿ?"

ಸಹಿ ಬಿತ್ತು. ಎಷ್ಟು ಹೊತ್ತು ಹಿಡಿಯಿತು? ಒಂದು ಸೀರೆ ಮಡಚುವಷ್ಟು ಹೊತ್ತು. ಮೂವತ್ತೆಂಟು ವರ್ಷ ಆ ವಾರ್ಡಿನಲ್ಲಿ ಇದ್ದವಳು. ಅವಳಿಗೆ ಆ ಹಿಂದಿನ ಕೋಣೆ ಬಿಟ್ಟರೆ ಬೇರೆ ಬಾಗಿಲಿಲ್ಲ. ಸಹಿ ಹಾಕಿದವನು ಅವಳ ಮುಖವನ್ನು ಒಮ್ಮೆಯೂ ನೋಡಿದವನಲ್ಲ. ಆಗಸ್ಟ್ ಹದಿನೈದರಂದು ಧ್ವಜ ಹಾರಿಸಿ, ಲಾಡು ತಿಂದು ಬರುವ ಅಧ್ಯಕ್ಷ ಅವನು.

ಮರುದಿನ ಭಾನುವಾರ. ಸಾವಂತ್ರವ್ವ ಯಾರನ್ನೋ ಕೇಳಿದಳು, ಸಾವಕಾರರು ಎಲ್ಲಿ ಸಿಗುತ್ತಾರೆ ಎಂದು. ಭಾನುವಾರ ಅವರ ಮನೆಯ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ, ಹೋಗು ಎಂದರು. ಹೋದಳು. ಪಡಸಾಲೆಯಲ್ಲಿ ಜನ ಸಾಲಾಗಿ ಕೂತಿದ್ದರು. ಅವಳೂ ಕೂತಳು. ಒಂದು ತಾಸು ಕೂತಳು. ತನ್ನ ಸರದಿ ಬಂದಾಗ ಎದ್ದು ನಿಂತು ಕೈ ಮುಗಿದಳು.

ಮಹಾರುದ್ರಪ್ಪ ತಲೆ ಎತ್ತಲಿಲ್ಲ. ಕೈ ಮಾತ್ರ ಚಾಚಿದ.

"ಎಲ್ಲೈತಿ ನಾಣ್ಯ?"

ದಾರಿಯುದ್ದಕ್ಕೂ ಅವಳು ಜೋಡಿಸಿಕೊಂಡು ಬಂದದ್ದು ಬೇರೆ ಮಾತು. ದೊಡ್ಡವರು ಕೇಳುತ್ತಿದ್ದಾರೆ, ಕೊಡಬೇಕು. ಸೊಂಟದ ಚೀಲಕ್ಕೆ ಕೈ ಹಾಕಿದಳು. ಅಲ್ಲಿ ಒಂದು ನಾಣ್ಯ ಇತ್ತು. ತೆಗೆದು ಆ ಕೈಯಲ್ಲಿಟ್ಟಳು.

ಎಪ್ಪತ್ತರ ದಶಕದ ಒಂದು ರೂಪಾಯಿ, ಆಗಿನ ದೊಡ್ಡ ಗಾತ್ರದ್ದು. ನುಣ್ಣಗೆ ಸವೆದಿತ್ತು. ಸಿಂಹಗಳಿದ್ದ ಕಡೆ ಒಂದು ನೆರಳು ಮಾತ್ರ. ಮತ್ತು, ನೋಡಿ, ಅದು ಹೊಳೆಯುತ್ತಿತ್ತು. ಫಳಫಳ ಹೊಳೆಯುತ್ತಿತ್ತು.

ಮಹಾರುದ್ರಪ್ಪನ ಹುಬ್ಬು ಗಂಟಿಕ್ಕಿತು. ಕೈ ಕೆಂಪು ಚೀಟಿಯ ಕಡೆ ಹೋಯಿತು.

"ತಿಕ್ಕಿ ತಂದೀರಿ. ಯಾರ ಹೇಳಿದ್ರು ನಿಮಗ, ತಿಕ್ಕಿದ್ರ ಬೆಲಿ ಬರ್ತದಂತ?"

"ತಿಕ್ಕೇನ್ರಿ, ಹೌದು," ಎಂದಳು ಸಾವಂತ್ರವ್ವ. "ತಿಕ್ಕದ ಹ್ಯಾಂಗ ಇಡ್ಲಿ?"

ಸಾಲಿನಲ್ಲಿದ್ದ ಒಬ್ಬರು ಮಾಸ್ತರು ನಕ್ಕರು. "ಯಮ್ಮಾ, ಇವರ ಮುಂದ ಹಂಗ ಅನಬಾರದು. ಕೊಲಿ ಮಾಡೇನಿ ಅಂದ್ರೂ ಕ್ಷಮಾ ಮಾಡ್ಯಾರು, ತಿಕ್ಕೇನಿ ಅಂದ್ರ ಮಾಡೂದಿಲ್ಲ."

ಎಲ್ಲರೂ ನಕ್ಕರು. ಆದರೆ ಮಹಾರುದ್ರಪ್ಪ ನಗಲಿಲ್ಲ. ಅವನ ಕೈ ಅರ್ಧದಲ್ಲೇ ನಿಂತಿತು. ಯಾಕೆ ನಿಂತಿತು? ಮೋಸ ಮಾಡುವವರು ತಿಕ್ಕಿದ್ದೇನೆ ಎಂದು ಒಪ್ಪಿಕೊಳ್ಳುವುದಿಲ್ಲ, ಅದಕ್ಕೆ. ಭೂತಗನ್ನಡಿ ತೆಗೆದುಕೊಂಡ. ದೀಪವನ್ನು ಎತ್ತಿ ಪಕ್ಕಕ್ಕೆ ಸರಿಸಿದ. ಅದರ ಗುಟ್ಟು ಹೇಳುತ್ತೇನೆ. ಬೆಳಕು ನೇರವಾಗಿ ಮೇಲಿನಿಂದ ಬಿದ್ದರೆ ಸವೆದ ನಾಣ್ಯ ಬರೀ ಬಿಲ್ಲೆಯಂತೆ ಕಾಣುತ್ತದೆ. ದೀಪವನ್ನು ಕೆಳಗಿಳಿಸಿ ಓರೆಯಾಗಿ ಬಿಡಬೇಕು. ಆಗ ಕೂದಲೆಳೆಯಷ್ಟು ಉಬ್ಬಿದ್ದರೂ ಅದಕ್ಕೊಂದು ನೆರಳು ಬೀಳುತ್ತದೆ. ನಾಣ್ಯ ಬದಲಾಗಲಿಲ್ಲ. ಬೆಳಕಿನ ದಿಕ್ಕು ಬದಲಾಯಿತು ಅಷ್ಟೇ.

ಅವನು ನೋಡಿದ. ಗೀರುಗಳಿದ್ದವು, ನಿಜ. ಆದರೆ ಮಾರಲೆಂದು ಒಮ್ಮೆ ಉಜ್ಜಿದರೆ ಗೀರುಗಳು ಒಂದೇ ದಿಕ್ಕಿಗೆ ಇರುತ್ತವೆ, ತಗ್ಗುಗಳಲ್ಲಿ ಕೊಳೆ ಹಾಗೇ ಉಳಿದಿರುತ್ತದೆ. ಇಲ್ಲಿ ಗೀರಿನ ಮೇಲೆ ಗೀರು, ಸುತ್ತು ಸುತ್ತಾಗಿ, ಹಳೆಯವು ಹೊಸವುಗಳ ಕೆಳಗೆ ಮಾಸಿಹೋಗಿ. ತಗ್ಗಿನಲ್ಲಿ ಒಂದು ಕಣ ಕೊಳೆ ಇಲ್ಲ. ವರ್ಷಗಟ್ಟಲೆ ಯಾರೋ ಇದನ್ನು ಶ್ರದ್ಧೆಯಿಂದ ತೊಳೆದಿದ್ದಾರೆ.

"ಯಾತರಿಂದ ತಿಕ್ತಿದ್ರಿ?"

"ಹುಣಸಿಹಣ್ಣು, ಬೂದಿ. ಆಮ್ಯಾಲ ಕುದಿ ನೀರಾಗ ಹಾಕೂದು."

"ದಿನಾ?"

"ದಿನಾ ಯಾಕ್ರೀ? ಕೂಸು ಬದಲಾದಾಗ."

ಮಹಾರುದ್ರಪ್ಪ ಕನ್ನಡಿಯಿಂದ ಕಣ್ಣು ತೆಗೆದ. "ಕೂಸು?"

ಈಗ ತಾಯಂದಿರಿಗೆ ತಿಳಿದಿರುತ್ತದೆ, ಗಂಡಸರಿಗೆ ಹೇಳಬೇಕು. ಹುಟ್ಟಿದ ಮಗುವಿನ ಹೊಕ್ಕುಳು ಕೆಲವೊಮ್ಮೆ ಉಬ್ಬಿಕೊಂಡಿರುತ್ತದೆ. ಅದರ ಮೇಲೆ ಒಂದು ನಾಣ್ಯ ಇಟ್ಟು ಬಟ್ಟೆ ಸುತ್ತುವ ರೂಢಿ ನಮ್ಮ ಕಡೆ ಇತ್ತು. ಈಗಿನ ವೈದ್ಯರು ಕಟ್ಟಬೇಡಿ, ಅದರಿಂದ ಪ್ರಯೋಜನವಿಲ್ಲ, ನಂಜಾಗಬಹುದು ಎನ್ನುತ್ತಾರೆ. ಅವರ ಮಾತನ್ನೇ ಕೇಳಿ. ನಾನು ರೂಢಿಯನ್ನು ಹೊಗಳಲು ಈ ಕಥೆ ಹೇಳುತ್ತಿಲ್ಲ.

"ನಮ್ಮ ಓಣ್ಯಾಗ ಒಬ್ಬರ ಮನ್ಯಾಗ ಕೂಸು ಆದ್ರ ಸಾವಂತ್ರಿ ರೂಪಾಯಿ ತಗೊಂಬಾ ಅಂತಿದ್ರು. ನಾ ಕೆಲಸ ಮುಗಿಸಿ ಹೋಗಿ ಕಟ್ಟಿ ಬರ್ತಿದ್ದೆ. ಅವರು ಕೊಟ್ಟ ಮ್ಯಾಲ ತಿಕ್ಕಿ, ಕುದಿಸಿ ಇಡೂದು. ಒಬ್ಬರ ಕೂಸಿನ ನಂಜು ಇನ್ನೊಬ್ಬರ ಕೂಸಿಗೆ ಹತ್ತಬಾರದಲ್ರೀ."

"ಎಷ್ಟು ಕೂಸಿಗೆ ಕಟ್ಟೀರಿ?"

"ಕೂಸು ಎಣಿಸ್ತಾರೇನ್ರೀ ಯಾರರೆ? ಬಾಳ ಆಗಿದ್ವು. ಈಗ ಡಾಕ್ಟರ್ ಬ್ಯಾಡ ಅಂದಾರ, ಹತ್ತು ವರ್ಷಾತು, ಬಿಟ್ಟೇನಿ. ತಿಕ್ಕೂ ರೂಢಿ ಮಾತ್ರ ಹೋಗಿಲ್ಲ. ಸುಮ್ನ ಸೊಂಟದಾಗ ಇರ್ತದ."

ಮಹಾರುದ್ರಪ್ಪ ಇನ್ನೂ ಕೇಳಿದ. ಯಾವ ಬಟ್ಟೆಯಲ್ಲಿ ಕಟ್ಟುತ್ತಿದ್ದಿರಿ, ನಾಣ್ಯದ ಯಾವ ಮುಖ ಕೆಳಗೆ, ಯಾವ ಮುಖ ಮೇಲೆ, ಎಷ್ಟು ದಿನ. ಅವಳು ಹೇಳುತ್ತಾ ಹೋದಳು. ಅವನು ಒಂದೊಂದನ್ನೂ ಬರೆದುಕೊಂಡ. ಸಾಲಿನಲ್ಲಿದ್ದವರು ಎದ್ದು ಹೋಗಿ ಚಹಾ ಕುಡಿದು ಬಂದರು. ಕೊನೆಗೆ ಅವನು ನಾಣ್ಯದ ಮೇಲೆ ಮೆಲ್ಲಗೆ ಉಸಿರು ಬಿಟ್ಟ. ತೇವ ಕೂತು ಆರುವ ಆ ಒಂದು ಕ್ಷಣದಲ್ಲಿ, ಓರೆ ಬೆಳಕಿನಲ್ಲಿ, ಇಸವಿಯ ನಾಲ್ಕು ಅಂಕಿಗಳು ಕಂಡವು. ಅದರ ಕೆಳಗೆ ಹೈದರಾಬಾದ್ ಟಂಕಸಾಲೆಯ ಗುರುತಾದ ನಕ್ಷತ್ರವೂ ಕಂಡಿತು.

ಅವನ ಮುಖ ಅರಳಿತು. ಬಿಳಿ ಚೀಟಿ ತೆಗೆದುಕೊಂಡು ಬರೆದ. ಬರೆದು ಓದಿ ಹೇಳಿದ. "ಯಮ್ಮಾ, ಖರೇ ಹೇಳತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ದರ್ಜೆ ಎಲ್ಲಾಕಿಂತ ಕೆಳಗಿಂದು."

"ಕೆಳಗಿಂದು ಅಂದ್ರ ಕೆಟ್ಟದ್ದೇನ್ರಿ?"

"ಅಲ್ಲ. ಕೆಟ್ಟದ್ದಕ್ಕ ಬ್ಯಾರೆ ಚೀಟಿ ಐತಿ. ಇದು ಸವದದ್ದು. ಬಗ್ಗಿಲ್ಲ, ಒಡದಿಲ್ಲ, ಇಸವಿ ಇನ್ನೂ ಓದಾಕ ಬರ್ತದ. ಇಂಥಾದು ನಾ ಎರಡನೇದು ನೋಡಿಲ್ಲ."

ಸಾವಂತ್ರವ್ವ ಚೀಟಿ ತೆಗೆದುಕೊಳ್ಳಲಿಲ್ಲ. ಆಮೇಲೆ ಹೇಳಿದಳು.

"ಸಾವಕಾರ್ರ, ನಾ ನಾಣ್ಯ ತೋರಸಾಕ ಬಂದಾಕಿ ಅಲ್ರಿ. ನಾ ನಿಮ್ಮ ಆಸ್ಪತ್ರಿ ಆಯಾ. ನಿನ್ನೆ ನೀವು ಸಹಿ ಮಾಡಿದ್ದು ನನ್ನ ಹೆಸರಿನ ಮ್ಯಾಗ. ಒಂದು ರೂಪಾಯಿ ನೋಡಾಕ ಇಷ್ಟೊತ್ತು ಕುಂತ್ರಿ. ನನ್ನ ನೋಡಾಕ ಎಷ್ಟೊತ್ತು ಕುಂತಿದ್ರಿ?"

ಮಹಾರುದ್ರಪ್ಪನಿಗೆ ಸಿಟ್ಟು ಬಂತು. ತಪ್ಪು ಎದುರಿಗೆ ನಿಂತಾಗ ನಮಗೆ ಮೊದಲು ಬರುವುದು ಸಿಟ್ಟೇ ಅಲ್ಲವೇ?

"ಅದು ಬ್ಯಾರೆ, ಇದು ಬ್ಯಾರೆ," ಎಂದ.

"ಹೌದ್ರಿ, ಬ್ಯಾರೆ," ಎಂದಳು ಅವಳು. "ಅದಕ್ಕ ಮಲಗಾಕ ಜಾಗ ಬೇಕಾಗಿಲ್ಲ."

ನಾಣ್ಯವನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಚೀಟಿ ಮೇಜಿನ ಮೇಲೆಯೇ ಉಳಿಯಿತು.

ಇಲ್ಲಿಗೆ ನಿಲ್ಲಿಸಿದರೆ ನೀವೆಲ್ಲ ಸಂತೋಷವಾಗಿ ಮನೆಗೆ ಹೋಗುತ್ತೀರಿ. ಮುದುಕಿ ಗೆದ್ದಳು, ಶ್ರೀಮಂತ ಸೋತ. ಆದರೆ ಅವಳಿಗೆ ಕೋಣೆಯ ಚಿಂತೆ ಹೋಗಲಿಲ್ಲ. ಚುರುಕಾದ ಮಾತಿನಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಮಹಾರುದ್ರಪ್ಪ ಸೋಮವಾರ ಆಸ್ಪತ್ರೆಗೆ ಹೋದ. ವ್ಯವಸ್ಥಾಪಕನ ಕೋಣೆಗೆ ಹೋಗಲಿಲ್ಲ. ವಾರ್ಡಿನ ಹೊರಗಿನ ಬೆಂಚಿನ ಮೇಲೆ, ಬಾಣಂತಿಯರ ಅಪ್ಪ, ಅಣ್ಣಂದಿರ ನಡುವೆ ಕೂತ. ಮುಂಜಾನೆ ಕೂತ, ಮಧ್ಯಾಹ್ನ ಕೂತ, ಮಂಗಳವಾರ ಸಂಜೆ ಮತ್ತೆ ಬಂದು ಕೂತ. ಏನು ಕಂಡ? ಅವಳ ಕೈ ನಡುಗುವುದು ನಿಜ. ಬಕೀಟು ಎತ್ತಲು ಎರಡು ಸಲ ಪ್ರಯತ್ನ ಮಾಡಿ ಬಿಟ್ಟಳು. ಟ್ರೇ ಹಿಡಿದರೆ ಒಳಗಿನ ಸಾಮಾನು ಗಲಗಲ ಅನ್ನುತ್ತಿತ್ತು. ದೂರು ಸುಳ್ಳಾಗಿರಲಿಲ್ಲ. ಇದನ್ನು ನೀವು ಮರೆಯಬೇಡಿ. ದೂರು ಸುಳ್ಳಾಗಿರಲಿಲ್ಲ, ಅರ್ಧವಾಗಿತ್ತು.

ಉಳಿದರ್ಧವನ್ನು ಹೇಳಿದ್ದು ಅಲ್ಲಿನ ನರ್ಸ್.

"ಟ್ರೇ ನಾವು ಹೊರತೇವ್ರಿ, ಅದೇನು ದೊಡ್ಡದಲ್ಲ. ಆಕಿ ಒಂದೊಂದು ತಾಸಿಗೆ ಎಲ್ಲಾ ಬಾಣಂತ್ಯಾರ ಪಾದ ಮುಟ್ಟಿ ನೋಡ್ತಾಳ. ರಕ್ತ ಹೆಚ್ಚು ಹೋಗಾಕ ಹತ್ತಿದ್ರ ಪಾದ ತಣ್ಣಗಾಗ್ತಾವ. ನಮಗ ಹದಿನಾರು ಮಂಚ, ಇಬ್ಬರ ನರ್ಸ್. ಈ ವರ್ಷ ಎರಡು ಸಲ ಬಂದು ಕೂಗ್ಯಾಳ. ಎರಡೂ ಸಲ ಖರೇ ಇತ್ತು."

"ಇದನ್ನ ಯಾರೂ ನನಗ ಹೇಳಿಲ್ಲಲ್ಲ?"

"ನೀವು ಟ್ರೇ ಬಿದ್ದದ್ದು ಕೇಳಿದ್ರಿ. ಪಾದದ ಸುದ್ದಿ ಕೇಳಿಲ್ರಿ."

ಬುಧವಾರ ದತ್ತಿಯ ಸಭೆ. ಸದಸ್ಯರೆಲ್ಲ ಇದ್ದರು, ವ್ಯವಸ್ಥಾಪಕನೂ ಇದ್ದ. ಮಹಾರುದ್ರಪ್ಪ ಆ ಕಡತ ತರಿಸಿ ತನ್ನ ಸಹಿಯ ಮೇಲೆ ಗೆರೆ ಎಳೆದ. ಕೆಳಗೆ ತನ್ನ ಕೈಯಾರೆ ಬರೆದ: "ನೋಡದೆ ಹಾಕಿದ ಸಹಿ. ತಪ್ಪು ನನ್ನದು. ಇವರು ಭಾರ ಹೊರಲಾರರು, ಟ್ರೇ ಹಿಡಿಯಲಾರರು. ಅದನ್ನು ಇವರಿಗೆ ಹೇಳಬಾರದು. ಬಾಣಂತಿಯರನ್ನು ನೋಡಿಕೊಳ್ಳುವ ಕೆಲಸ ಇವರದೇ. ಕೋಣೆ ಇವರದೇ." ಅದನ್ನು ಗಟ್ಟಿಯಾಗಿ ಓದಿದ. ಒಬ್ಬ ಸದಸ್ಯ ಕೇಳಿದ, "ಸಾವಕಾರ್ರ, ನೀವು ಬರದದ್ದು ತಿದ್ದೂದಿಲ್ಲಂತಲ್ಲ?" ಅವನು ಹೇಳಿದ, "ಇಲ್ಲೀತನ ತಿದ್ದಿಲ್ಲ ಅಂದ್ರ ತಪ್ಪ ಮಾಡಿಲ್ಲ ಅಂತಲ್ರಿ. ತಿರುಗಿ ನೋಡಿಲ್ಲ ಅಂತ."

ಕಥೆ ಮುಗಿಯಿತು. ಈಗ ನಿಮ್ಮ ಸರದಿ.

ನಿಮ್ಮ ಮನೆಯಲ್ಲಿ ಯಾರಿಗೆ ಚೀಟಿ ಅಂಟಿಸಿದ್ದೀರಿ? ಅತ್ತೆಗೆ? ಸೊಸೆಗೆ? ಅಂಗಡಿಯಲ್ಲಿ ಇಪ್ಪತ್ತು ವರ್ಷ ಇದ್ದವರಿಗೆ? 'ಅವರಾ, ಅವರದೆಲ್ಲ ಮುಗೀತು' ಎಂದಿದ್ದೀರಲ್ಲ, ಯಾವ ಬೆಳಕಿನಲ್ಲಿ ನೋಡಿ ಅಂದಿರಿ? ಎಷ್ಟು ಹೊತ್ತು ಕೂತು ಅಂದಿರಿ?

ಇಲ್ಲಿ ಒಂದು ಎಚ್ಚರಿಕೆ. ಮಹಾರುದ್ರಪ್ಪ ಆ ನಾಣ್ಯಕ್ಕೆ ಕನಿಕರದಿಂದ ಮೇಲಿನ ದರ್ಜೆ ಕೊಡಲಿಲ್ಲ. ಸಾವಂತ್ರವ್ವನ ಕೈ ಗಟ್ಟಿಯಾಗಿದೆ ಎಂದೂ ಬರೆಯಲಿಲ್ಲ. ಹಾಗೆ ಬರೆದಿದ್ದರೆ ಮೂರನೆಯ ಟ್ರೇ ಬೀಳುತ್ತಿತ್ತು, ಬಹುಶಃ ಯಾರದೋ ಕಾಲಿನ ಮೇಲೆ. ನಾನು ನಿಮಗೆ ಎಲ್ಲರನ್ನೂ ಹೊಗಳಿ ಎನ್ನುತ್ತಿಲ್ಲ. ಸವೆದದ್ದನ್ನು ಸವೆದಿದೆ ಎಂದೇ ಹೇಳಿ. ಆದರೆ ಸವೆದದ್ದನ್ನು ಕೆಟ್ಟದ್ದು ಎನ್ನಬೇಡಿ. ಮತ್ತೆ, ಟಂಕಸಾಲೆಯ ಅಚ್ಚೇ ಹಳೆಯದಾಗಿದ್ದರೆ ನಾಣ್ಯ ಹುಟ್ಟುವಾಗಲೇ ಮಸುಕಾಗಿರುತ್ತದೆ. ತವರಿನವರು ಓದಿಸದೆ ಬೆಳೆಸಿದ ಹೆಂಡತಿಗೆ 'ನಿನಗೇನೂ ಗೊತ್ತಿಲ್ಲ' ಎನ್ನುವ ಗಂಡಂದಿರು ಇದನ್ನು ಯೋಚಿಸಿ. ಅವರಿಗೆ ಕೊಡದೇ ಇದ್ದದ್ದನ್ನು ಅವರು ಕಳೆದುಕೊಂಡರು ಎಂದು ಬರೆಯುವುದು ಯಾವ ನ್ಯಾಯ?

ಏನು ಮಾಡಬೇಕು? ನಾಳೆಯಿಂದ ಹೀಗೆ ಮಾಡಿ. ಯಾರ ಬಗ್ಗೆ ತೀರ್ಮಾನ ಹೇಳಬೇಕೆನ್ನಿಸಿದೆಯೋ ಅವರನ್ನು ಮೂರು ಹೊತ್ತು ನೋಡಿ. ಮುಂಜಾನೆಯ ಮನುಷ್ಯ ಸಂಜೆಗೆ ಬೇರೆ ಕಾಣುತ್ತಾನೆ. ಏನು ಬಿತ್ತು ಎಂದು ಕೇಳಿದಂತೆಯೇ, ಏನು ನಿಂತಿತು ಎಂದೂ ಕೇಳಿ. ಅವರ ಪಕ್ಕದಲ್ಲಿ ಕೆಲಸ ಮಾಡುವವರನ್ನು ಕೇಳಿ. ಅಷ್ಟಾದ ಮೇಲೆ ಮಾತಾಡಿ. ತಪ್ಪಾಗಿ ಮಾತಾಡಿದ್ದರೆ, ಯಾರ ಮುಂದೆ ತಪ್ಪಾಗಿ ಅಂದಿದ್ದಿರೋ ಅವರ ಮುಂದೆಯೇ ತಿದ್ದಿ. ಒಳಗೆ ಕರೆದು ಮೆಲ್ಲಗೆ 'ಬೇಸರ ಮಾಡ್ಕೋಬೇಡ' ಎಂದರೆ ಆಗುವುದಿಲ್ಲ. ಬೈದದ್ದು ಪಡಸಾಲೆಯಲ್ಲಿ, ಕ್ಷಮೆ ಅಡುಗೆಮನೆಯಲ್ಲಿ, ಇದು ನಡೆಯುವುದಿಲ್ಲ.

ನಾನೂ ಒಂದು ತಿದ್ದಬೇಕಿದೆ. ಮೊನ್ನೆ ಇದೇ ವೇದಿಕೆಯಲ್ಲಿ ಮೈಕು ಕಿರ್ ಎಂದು ಕೂಗಿತು. ಅದನ್ನು ನೋಡಿಕೊಳ್ಳುವ ಯಮನೂರಪ್ಪನವರಿಗೆ ನಾನು ನಿಮ್ಮೆಲ್ಲರ ಮುಂದೆ, 'ಇಷ್ಟು ವರ್ಷವಾಯಿತು, ಇನ್ನೂ ಕೆಲಸ ಬರುವುದಿಲ್ಲವೇ' ಎಂದೆ. ನೀವು ನಕ್ಕಿರಿ. ಅವರು ತಲೆ ತಗ್ಗಿಸಿಕೊಂಡು ತಂತಿ ಸರಿಪಡಿಸಿದರು. ಆಮೇಲೆ ಕೂತು ಯೋಚಿಸಿದೆ. ಮೈಕು ಹಿಡಿದುಕೊಂಡು ಧ್ವನಿಪೆಟ್ಟಿಗೆಯ ಎದುರಿಗೆ ಹೋಗಿ ನಿಂತದ್ದು ಯಾರು? ನಾನು. ಪೆಟ್ಟಿಗೆಯ ಸದ್ದು ಮೈಕಿಗೆ ಹೋಗುತ್ತದೆ, ಮೈಕಿನದು ಮತ್ತೆ ಪೆಟ್ಟಿಗೆಗೆ. ಇದನ್ನು ಕಾಲೇಜಿನಲ್ಲಿ ಓದಿ ಪರೀಕ್ಷೆ ಬರೆದವನೂ ನಾನೇ. ಯಮನೂರಪ್ಪನವರ ತಪ್ಪು ಏನೂ ಇರಲಿಲ್ಲ. ಅಂದೂ ಇದೇ ಜನ, ಇಂದೂ ಇದೇ ಜನ. ಯಮನೂರಪ್ಪನವರೇ, ಆ ಮಾತು ತಪ್ಪು, ತಪ್ಪು ನನ್ನದು.

ಇನ್ನು, ನಕ್ಕವರು ನೀವು. ನನ್ನ ಪಾಲಿನದು ನಾನು ತಿದ್ದಿದೆ. ಯಮನೂರಪ್ಪನವರು ಆ ಎಡಗಡೆಯ ಕಂಬದ ಬಳಿ ಕೂತಿದ್ದಾರೆ. ಪ್ರಸಾದಕ್ಕೆ ಏಳುವ ಮೊದಲು ಅವರನ್ನು ಮಾತಾಡಿಸಿ ಹೋಗಿ.